ಪಾಠ ಹೇಳುವ ವೈದ್ಯರು ಎಲ್ಲಿಂದ ಬರಬೇಕು?



ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯ ಕಾಲೇಜುಗಳಲ್ಲಿ ವಿಜ್ಞಾನ ಓದುತ್ತಿರುವ ನಿಮ್ಮಲ್ಲಿ ಹಲವರು ವೈದ್ಯರಾಗುವ ಕನಸು ಕಾಣುತ್ತಿರಬಹುದು. ಸೀಟು ಎಷ್ಟು, ಶುಲ್ಕ ಎಷ್ಟು, ನೀಟ್ ಪರೀಕ್ಷೆಯಲ್ಲಿ ಎಷ್ಟು ಅಂಕ ಬೇಕು ಎಂದು ವಿಚಾರಿಸುತ್ತೀರಿ. ಸಾಮಾನ್ಯವಾಗಿ ಯಾರೂ ಕೇಳದ ಇನ್ನೊಂದು ಪ್ರಶ್ನೆಯಿದೆ: ಅಲ್ಲಿ ಪಾಠ ಹೇಳುವವರು ಯಾರು?

ನನಗೆ ಈ ಪ್ರಶ್ನೆ ಅನುಭವದಿಂದ ಬಂದದ್ದು. ನಾನು ಬಿ.ಎಸ್ಸಿ. ಓದುವಾಗ ನಮ್ಮ ರಸಾಯನಶಾಸ್ತ್ರದ ಅಧ್ಯಾಪಕರು ವರ್ಗವಾಗಿ ಹೋದರು. ಆ ಹುದ್ದೆ ವರ್ಷದ ಕೊನೆಯವರೆಗೂ ಖಾಲಿ ಉಳಿಯಿತು. ಪ್ರಯೋಗಾಲಯವಿತ್ತು, ಬ್ಯೂರೆಟ್, ಪಿಪೆಟ್‌ಗಳಿದ್ದವು. ಮಾಡಿ ತೋರಿಸುವವರು ಇರಲಿಲ್ಲ. ನಮ್ಮ ನಷ್ಟ ಅಂಕಪಟ್ಟಿಯಲ್ಲಿ ಮುಗಿಯಿತು. ವೈದ್ಯ ಶಿಕ್ಷಣದಲ್ಲಿ ಅಂಥ ನಷ್ಟ ಮುಂದೆ ರೋಗಿಯನ್ನೇ ತಟ್ಟುತ್ತದೆ.

1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಜಿಲ್ಲೆಯಾದ ಕೊಪ್ಪಳದಲ್ಲಿ, 2015ರಲ್ಲಿ ಕೊಪ್ಪಳ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಆರಂಭವಾಯಿತು. ಅದಕ್ಕೆ ಮೊದಲು ಇಲ್ಲಿನ ಮಕ್ಕಳು ಬಳ್ಳಾರಿ, ರಾಯಚೂರು, ಹುಬ್ಬಳ್ಳಿಯ ಕಡೆ ನೋಡಬೇಕಿತ್ತು. ವರ್ಷಕ್ಕೆ 150 ಸೀಟುಗಳಿರುವ ಕಾಲೇಜಿಗೆ ನೂರಕ್ಕೂ ಹೆಚ್ಚು ಬೋಧಕರು ಬೇಕು. ಕಟ್ಟಡವನ್ನು ಎರಡು ಮೂರು ವರ್ಷದಲ್ಲಿ ಎಬ್ಬಿಸಬಹುದು. ಬೋಧಕರು ಸಿದ್ಧವಾಗಲು ಎಷ್ಟು ಕಾಲ ಬೇಕು?

ಲೆಕ್ಕ ಹಾಕೋಣ. ಹದಿನೆಂಟನೆಯ ವಯಸ್ಸಿಗೆ ಎಂ.ಬಿ.ಬಿ.ಎಸ್. ಸೇರಿದವರಿಗೆ ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಬಳಿಕ ಎಂ.ಡಿ. ಅಥವಾ ಎಂ.ಎಸ್. ಮೂರು ವರ್ಷ, ಸೀನಿಯರ್ ರೆಸಿಡೆಂಟ್ ಆಗಿ ಒಂದು ವರ್ಷ. ಎಲ್ಲಿಯೂ ತಡವಾಗದಿದ್ದರೂ ಸಹಾಯಕ ಪ್ರಾಧ್ಯಾಪಕರಾಗುವ ಹೊತ್ತಿಗೆ ವಯಸ್ಸು ಇಪ್ಪತ್ತೇಳೂವರೆ. ಅಲ್ಲಿ ನಾಲ್ಕು ವರ್ಷ ಕಲಿಸಿ, ಸಂಶೋಧನಾ ಲೇಖನ ಪ್ರಕಟಿಸಿದರೆ ಸಹ ಪ್ರಾಧ್ಯಾಪಕರು. ಮತ್ತೆ ಮೂರು ವರ್ಷಕ್ಕೆ ಪ್ರಾಧ್ಯಾಪಕರು. 2025ರ ಹೊಸ ನಿಯಮಗಳು, 220ಕ್ಕೂ ಹೆಚ್ಚು ಹಾಸಿಗೆಗಳ ಸರ್ಕಾರಿ ಆಸ್ಪತ್ರೆಗಳಲ್ಲಿ ದುಡಿದ ತಜ್ಞರಿಗೂ ಬೋಧಕರಾಗುವ ದಾರಿ ತೆರೆದಿವೆ. ಇದರಿಂದ ಕೊರತೆ ತಗ್ಗಬಹುದು. ಆದರೆ ಚಿಕಿತ್ಸೆ ಮಾಡುವುದು ಒಂದು ವಿದ್ಯೆ, ಕಲಿಸುವುದು ಇನ್ನೊಂದು ವಿದ್ಯೆ ಎಂಬುದನ್ನು ಮರೆಯಬಾರದು.

ಇನ್ನು ಸಂಬಳದ ಮಾತು. ಸರ್ಕಾರಿ ವೇತನವೆಂದರೆ ಮೂಲ ವೇತನಕ್ಕೆ ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ ಸೇರಿದ ಮೊತ್ತ. ಬಾಡಿಗೆ ಭತ್ಯೆ ಬೆಂಗಳೂರಿನಂಥ ನಗರದಲ್ಲಿ ಹೆಚ್ಚು, ಸಣ್ಣ ಊರಿನಲ್ಲಿ ಕಡಿಮೆ. ಅಂದರೆ ಒಂದೇ ಹುದ್ದೆಯಲ್ಲಿದ್ದರೂ ದೂರದ ಜಿಲ್ಲೆಗೆ ಬಂದವರ ಕೈಗೆ ತುಸು ಕಡಿಮೆಯೇ ಸಿಗುತ್ತದೆ. ಖಾಸಗಿ ವೃತ್ತಿ ಬಿಟ್ಟ ತನ್ನ ವೈದ್ಯರಿಗೆ ಕೇಂದ್ರ ಸರ್ಕಾರ ಮೂಲ ವೇತನದ ಶೇಕಡ 20ರಷ್ಟು ಭತ್ಯೆ ಕೊಡುತ್ತದೆ. ರೇಡಿಯಾಲಜಿ ತಜ್ಞರು ಗಂಗಾವತಿಯಲ್ಲೋ ಹೊಸಪೇಟೆಯಲ್ಲೋ ಸ್ವಂತ ಸ್ಕ್ಯಾನಿಂಗ್ ಕೇಂದ್ರ ತೆರೆದರೆ ಅವರ ಗಳಿಕೆಯೇ ಬೇರೆ. ಅಂಗರಚನಾಶಾಸ್ತ್ರ ಕಲಿಸುವವರಿಗೆ ರೋಗಿಗಳೇ ಇಲ್ಲ. ಅವರಿಗೆ ಸಂಬಳವೇ ಆಧಾರ. ಆದ್ದರಿಂದ ಒಂದು ವಿಷಯಕ್ಕೆ ತಜ್ಞರು ಬರುವುದಿಲ್ಲ, ಇನ್ನೊಂದನ್ನು ಆರಿಸಿಕೊಳ್ಳುವವರೇ ಕಡಿಮೆ. ಬಂದವರಿಗೂ ಸಂಗಾತಿಯ ಉದ್ಯೋಗ, ಮಕ್ಕಳ ಶಾಲೆ ಎಂಬ ಚಿಂತೆ ಇದ್ದೇ ಇರುತ್ತದೆ. ಅವರನ್ನು ದೂರುವುದು ಸುಲಭ. ಅವರು ನಿಲ್ಲುವಂತೆ ಮಾಡುವುದು ಕೆಲಸ.

ದೂರದರ್ಶನದ ಕ್ಯಾಮೆರಾ ಹೊಸ ಕಟ್ಟಡವನ್ನು ಚೆನ್ನಾಗಿ ತೋರಿಸುತ್ತದೆ. ಖಾಲಿ ಹುದ್ದೆಯನ್ನು ತೋರಿಸುವುದು ಕಷ್ಟ. ಅದನ್ನು ನೀವೇ ಕೇಳಿ ತಿಳಿಯಬೇಕು. ಯಾವುದೇ ಕಾಲೇಜು ಸೇರುವ ಮೊದಲು, ಅದು ವೈದ್ಯ ಕಾಲೇಜಾಗಲಿ, ನರ್ಸಿಂಗ್ ಅಥವಾ ಫಾರ್ಮಸಿ ಕಾಲೇಜಾಗಲಿ, ಎಷ್ಟು ಹುದ್ದೆ ಭರ್ತಿಯಾಗಿವೆ, ಕಾಯಂ ಬೋಧಕರು ಎಷ್ಟು ಮಂದಿ, ಅವರ ಅರ್ಹತೆ ಏನು ಎಂದು ವಿಚಾರಿಸಿರಿ. ಇದು ಉದ್ಧಟತನವಲ್ಲ.

2013ರಲ್ಲಿ ಜಾರಿಗೆ ಬಂದ ಸಂವಿಧಾನದ 371(ಜೆ) ವಿಧಿಯು ನಿಮ್ಮ ಭಾಗದವರಿಗೆ ಸೀಟುಗಳಲ್ಲಿ ಮಾತ್ರವಲ್ಲ, ಸರ್ಕಾರಿ ಹುದ್ದೆಗಳಲ್ಲಿಯೂ ಮೀಸಲಾತಿಗೆ ಅವಕಾಶ ಕೊಟ್ಟಿದೆ. ಸೀಟು ಬೇಕಾದಾಗ ಅದನ್ನು ನೆನೆಯುತ್ತೇವೆ. ಕಲಿಸಲು ಮರಳಿ ಬರುವಾಗಲೂ ನೆನೆಯಬೇಕು. 2015ರಲ್ಲಿ ಕೊಪ್ಪಳದಲ್ಲಿ ಸೇರಿದ ಮೊದಲ ತಂಡದವರ ವರ್ಷಗಳನ್ನು ಕೂಡಿ ನೋಡಿ: ಎಲ್ಲಿಯೂ ನಿಲ್ಲದೆ ಓದಿದವರು ಸಹಾಯಕ ಪ್ರಾಧ್ಯಾಪಕರಾಗುವ ಅರ್ಹತೆಯ ಹೊಸ್ತಿಲಿಗೆ ಈಗಷ್ಟೇ ಬಂದಿರುತ್ತಾರೆ. ಅವರಲ್ಲಿ ಕೆಲವರಾದರೂ ತಾವು ಕುಳಿತಿದ್ದ ಬೆಂಚಿನ ಎದುರು ನಿಂತು ಪಾಠ ಹೇಳಿದರೆ, ಆ ಕಾಲೇಜು ನಿಜವಾಗಿಯೂ ಕೊಪ್ಪಳದ್ದಾಗುತ್ತದೆ. ಅವರ ಹಿಂದೆ ನೀವೂ ಬನ್ನಿ.