ಬತ್ತಿದ ಹೊಳೆಯ ಅಡಿಯ ನೀರು

(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಊರಿಗೆ ಹೋಗಲು ನಮ್ಮಲ್ಲಿ ಬಹಳ ಮಂದಿ ಬೆಂಗಳೂರು ರೈಲು ಹಿಡಿಯುತ್ತೇವೆ. ಕಾಟ್ಪಾಡಿ ದಾಟಿ ಆಂಬೂರು, ವಾಣಿಯಂಬಾಡಿಯ ಕಡೆಗೆ ಬಂದರೆ ಪಾಲಾರು ನದಿಯ ಸೀಮೆ. ನದಿ ಎಂದು ಹೆಸರು, ಕಾಣುವುದು ಮರಳು. ದಡ ಮೀರುವ ಹೊಳೆಗಳನ್ನು ನೋಡಿ ಬೆಳೆದ ಕುಂದಾಪುರ, ಉಡುಪಿಯವರಿಗೆ ನಗು ಬರುತ್ತದೆ. ಆದರೆ ಈ ಪಾಲಾರು ನಮ್ಮ ನಂದಿಬೆಟ್ಟದ ಸೀಮೆಯಲ್ಲೇ ಹುಟ್ಟಿದ್ದು. ಕೋಲಾರದ ನೆಲ ಹಾದು, ಆಂಧ್ರದಲ್ಲಿ ಸ್ವಲ್ಪ ದೂರ ಹೋಗಿ, ತಮಿಳುನಾಡಿಗೆ ಇಳಿದು, ಕಲ್ಪಾಕ್ಕಂ ಹತ್ತಿರ ವಯಲೂರಿನಲ್ಲಿ ಸಮುದ್ರ ಸೇರುತ್ತದೆ. ಒಟ್ಟು 348 ಕಿಲೋಮೀಟರು. ಕೋಲಾರದ ಚಿನ್ನದ ಗಣಿಯ ಕಾರ್ಮಿಕರಿಗೆ ಬೇತಮಂಗಲದ ಕೆರೆಯಿಂದ ಬರುತ್ತಿದ್ದದ್ದೂ ಇದೇ ನದಿಯ ನೀರು.

ಈ ನದಿ ಬತ್ತಿದೆ ಎನ್ನುವುದು ಅರ್ಧ ಮಾತ್ರ ನಿಜ. ವರ್ಷದಲ್ಲಿ ಕೆಲವು ದಿನ ಮೇಲೆ ಹರಿಯುತ್ತದೆ, ಉಳಿದ ದಿನ ಮರಳಿನ ಒಳಗೆ ಇರುತ್ತದೆ. ನಾನು ಮಿಡ್ಲ್ ಸ್ಕೂಲಿನವರೆಗೆ ಓದಿದವನು, ದೊಡ್ಡ ಶಾಸ್ತ್ರ ಹೇಳಲಾರೆ. ಒಂದು ಲೋಟದ ತುಂಬ ದಪ್ಪ ಮರಳು ಹಾಕಿ, ಮೇಲೆ ನೀರು ಹೊಯ್ದು ನೋಡಿ. ತುಂಬಿದ ಲೋಟವೇ ಮತ್ತೆ ಕಾಲು ಲೋಟಕ್ಕೂ ಮೀರಿ ನೀರು ಹಿಡಿಯುತ್ತದೆ. ಹೊಳೆಯಲ್ಲಿಯೂ ಹಾಗೆಯೇ. ಬಿಸಿಲು ಮೇಲಿನ ಒಂದೆರಡು ಮೊಳದ ತೇವವನ್ನು ಎಳೆದೀತು, ಅದರ ಕೆಳಗಿನದು ಅದಕ್ಕೆ ಸುಲಭವಾಗಿ ಸಿಕ್ಕುವುದಿಲ್ಲ. ಮರಳೇ ಹಂಡೆ, ಮರಳೇ ಮುಚ್ಚಳ, ಮರಳೇ ಸೋಸುವ ಬಟ್ಟೆ.

ಪಾವಗಡ, ಮಧುಗಿರಿಯ ಕಡೆಯವರು ಇಲ್ಲಿದ್ದರೆ ಅವರಿಗೆ ಇದು ಹೊಸದಲ್ಲ. ಅಲ್ಲಿ ತಲಪರಿಗೆ ಎನ್ನುತ್ತಾರೆ. ಒರತೆ ಇರುವ ಕಡೆ ಗುಂಡಿ ತೋಡಿ, ಉಕ್ಕಿದ ನೀರನ್ನು ಸಣ್ಣ ಕಾಲುವೆಯಲ್ಲಿ ಹೊಲಕ್ಕೆ ಹರಿಸುವುದು. ವರ್ಷಕ್ಕೊಮ್ಮೆ ಊರವರೇ ಸೇರಿ ಹೂಳೆತ್ತಬೇಕು, ಇಲ್ಲವಾದರೆ ಕಣ್ಣು ಮುಚ್ಚುತ್ತದೆ. ಪಾಲಾರಿನ ರೈತರೂ ಮರಳಿನಲ್ಲಿ ಒರತೆ ಕಾಲುವೆ ತೋಡಿಯೇ ಬೆಳೆ ತೆಗೆದವರು. ದೂರದ ಆಫ್ರಿಕದಲ್ಲಿ ನಮೀಬ್ ಎಂಬ ಮರುಭೂಮಿ ಉಂಟು, ಅಲ್ಲಿ ಮಳೆಯೇ ಅಪರೂಪ. ಅದರ ನಡುವೆ ಕುಯಿಸೆಬ್ ಎಂಬ ಒಣ ನದಿ. ವಾಲ್ವಿಸ್ ಬೇ ಎಂಬ ಇಡೀ ಬಂದರು ಪಟ್ಟಣ ಆ ನದಿಯ ಮರಳಿನಡಿಯ ನೀರಿನಿಂದ ಬೆಳೆಯಿತು.

ಹಾಗಾದರೆ ನಮ್ಮ ಪಾಲಾರಿಗೆ ಏನಾಯಿತು? ಮೊದಲನೆಯದು ಚರ್ಮ ಹದಮಾಡುವ ಕಾರ್ಖಾನೆಗಳ ಕೊಳಕು ನೀರು. 1996ರಲ್ಲಿ ಸುಪ್ರೀಂ ಕೋರ್ಟು ಈ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಾಗ, ಸುಮಾರು 35,000 ಹೆಕ್ಟೇರು ಭೂಮಿ ಪೂರ್ತಿಯಾಗಿಯೋ ಭಾಗಶಃವೋ ಸಾಗುವಳಿಗೆ ಬಾರದಂತಾಗಿದೆ ಎಂದು ಬರೆಯಿತು. ಅಲ್ಲಿ ದುಡಿದವರೂ ನಮ್ಮಂಥ ಕೂಲಿಗಳೇ ಎಂಬುದನ್ನು ಮರೆಯಬೇಡಿ. ಅವರ ಮನೆಯ ಬಾವಿಯೇ ಮೊದಲು ಕೆಟ್ಟದ್ದು. ಎರಡನೆಯದು ಮರಳು. ಪೇಟೆಯ ಮಾಳಿಗೆ ಏಳುವುದಕ್ಕೆ ಲಾರಿಗಟ್ಟಲೆ ಮರಳು ಹೋಯಿತು. ಹಂಡೆಯನ್ನೇ ಹೊತ್ತುಕೊಂಡು ಹೋದ ಮೇಲೆ ನೀರು ಎಲ್ಲಿ ನಿಲ್ಲಬೇಕು? 2021ರ ನವೆಂಬರಿನಲ್ಲಿ ಪಾಲಾರಿನಲ್ಲಿ ದೊಡ್ಡ ನೆರೆಯೇ ಬಂತು. ಮರಳು ಹೋದ ಕಡೆ ಅಂಥ ನೆರೆ ಬಂದರೂ ಹೆಚ್ಚು ನೀರು ಇಂಗದೆ ಸಮುದ್ರದ ದಾರಿ ಹಿಡಿಯುತ್ತದೆ.

ಚೆನ್ನೈಯ ಉತ್ತರಕ್ಕೆ ಇನ್ನೊಂದು ಪಾಠವಿದೆ. ಆರಣಿ, ಕೊಸಸ್ತಲೈ ನದಿಗಳ ಅಡಿಯಲ್ಲಿ ಒಳ್ಳೆಯ ನೀರಿದೆ ಎಂದು 1960ರ ದಶಕದಲ್ಲಿ ವಿಶ್ವಸಂಸ್ಥೆಯ ನೆರವಿನಿಂದ ಪರಿಶೋಧಿಸಿದರು. ಪಾಲಾರು ಹಿಂದೆ ಆ ದಾರಿಯಲ್ಲಿ ಹರಿದು ಮರಳು ಹಾಸಿ ಹೋಗಿತ್ತು ಎಂದು ಭೂಗರ್ಭ ಶಾಸ್ತ್ರಜ್ಞರು ಹೇಳುತ್ತಾರೆ. ತಾಮರೈಪಾಕ್ಕಂ, ಪಂಜೆಟ್ಟಿ, ಮಿಂಜೂರುಗಳಲ್ಲಿ ಕೊಳವೆಬಾವಿ ತೋಡಿ ನಗರಕ್ಕೂ ಕಾರ್ಖಾನೆಗಳಿಗೂ ಎತ್ತಿದರು, ರೈತರೂ ಎತ್ತಿದರು. ಮಳೆ ತುಂಬಿಸುವುದಕ್ಕಿಂತ ಹೆಚ್ಚು ಎತ್ತಿದಾಗ ಮಿಂಜೂರಿನ ಕಡೆ ಸಮುದ್ರದ ಉಪ್ಪುನೀರು ನೆಲದೊಳಗೆ ಹಲವು ಕಿಲೋಮೀಟರು ನುಗ್ಗಿತು. ಅದೇ ಮಿಂಜೂರಿನ ಹತ್ತಿರ 2010ರಲ್ಲಿ ಸಮುದ್ರದ ನೀರಿನಿಂದ ಉಪ್ಪು ತೆಗೆಯುವ ಕಾರ್ಖಾನೆ ಕೆಲಸ ಶುರುಮಾಡಿತು. ಸಿಹಿನೀರನ್ನು ಉಪ್ಪು ಮಾಡಿ, ಉಪ್ಪುನೀರನ್ನು ಸಿಹಿ ಮಾಡಲು ಹಣ ಸುರಿಯುವುದು!

ಇದು ನಮ್ಮ ಹೊಟ್ಟೆಯ ವಿಷಯ ಹೇಗೆ ಎಂದು ಕೇಳಬಹುದು. 2019ರ ಬೇಸಿಗೆಯನ್ನು ನೆನೆಯಿರಿ. ನಗರಕ್ಕೆ ನೀರು ಕೊಡುವ ಕೆರೆಗಳು ಒಣಗಿದವು. ಜುಲೈ 12ರಂದು ಜೋಲಾರ್‌ಪೇಟೆಯಿಂದ 25 ಲಕ್ಷ ಲೀಟರು ಕಾವೇರಿ ನೀರು ರೈಲಿನಲ್ಲಿ ಬಂತು. ಪಾಲಾರಿನ ಕಣಿವೆಯಲ್ಲಿ, ಆ ಮರಳಿನ ಪಕ್ಕದಲ್ಲೇ, ಆ ರೈಲು ಓಡಿತು. ನಾನು ಆಗ ಸಪ್ಲೈಯರ್. ನಾನಿದ್ದ ಹೋಟೆಲಿನಲ್ಲಿ ಟ್ಯಾಂಕರು ಬಾರದೆ ಮಧ್ಯಾಹ್ನದ ಊಟ ನಿಲ್ಲಿಸಿದರು, ಬಾಳೆಲೆ ಸಾಲದೆಂದು ಅಲ್ಲ, ತೊಳೆಯಲು ನೀರಿಲ್ಲವೆಂದು. ಕ್ಲೀನರ್ ಹುಡುಗರಿಗೆ "ಊರಿಗೆ ಹೋಗಿ ಬನ್ನಿ" ಎಂದರು. ಸಂಬಳದ ಮಾತು ಎತ್ತಲಿಲ್ಲ. ಆಮೇಲೆ ಬಂದ ಟ್ಯಾಂಕರಿನ ನೀರಾದರೂ ಎಲ್ಲಿಯದು? ಸುತ್ತಲಿನ ಹಳ್ಳಿಯ ಬಾವಿಯದು. ನಮಗೆ ಕೆಲಸ ಉಳಿದರೆ ಅಲ್ಲಿಯ ಗದ್ದೆಯ ಕೂಲಿಗೆ ಕೆಲಸ ಹೋಗುತ್ತದೆ.

ಆದ್ದರಿಂದ ಎರಡು ಮಾತನ್ನು ಮುಂದಿನ ಕಾರ್ಯಕಾರಿ ಸಮಿತಿಯಲ್ಲಿ ಇಡುತ್ತೇನೆ. ನೀರಿಲ್ಲವೆಂದು ಮಾಲೀಕರು ಬಾಗಿಲು ಹಾಕಿದ ದಿನದ ಸಂಬಳ ನಮ್ಮ ಬೇಡಿಕೆಪಟ್ಟಿಯಲ್ಲಿ ಸೇರಬೇಕು. ಪ್ರತಿ ಹೋಟೆಲಿನ ಮಳೆನೀರು ಇಂಗಿಸುವ ಗುಂಡಿಯನ್ನು ಅಕ್ಟೋಬರಿನ ಮಳೆಗೆ ಮೊದಲು ತೋಡಿಸಿ ಚೊಕ್ಕಟ ಮಾಡಿಸಬೇಕು. 2003ರಿಂದ ಅದು ಈ ರಾಜ್ಯದಲ್ಲಿ ಕಡ್ಡಾಯ. ಎಷ್ಟು ಕಡೆ ಅದರ ಮೇಲೆ ಗ್ಯಾಸ್ ಸಿಲಿಂಡರ್ ಜೋಡಿಸಿದ್ದಾರೆ ಎಂಬುದು ಅಡಿಗೆಮನೆಯಲ್ಲಿ ದುಡಿಯುವ ನಿಮಗೆ ಗೊತ್ತು. ಹೋಟೆಲಿನ ಹೆಸರು ಸಹಿತ ಬರೆದು ಈ ಭಾನುವಾರದೊಳಗೆ ಸಂಘದ ಕೋಣೆಗೆ ತಂದುಕೊಡಿ.