ಕೊಳ್ಳದ ನೀರು, ಬೆಟ್ಟದ ಬೆಂಕಿ

(ಶಿವರಾತ್ರಿಯ ಮರುವಾರ ಮೊಳಕಾಲ್ಮೂರು ಸೀಮೆಯ ಬೆಟ್ಟಸಾಲಿನಲ್ಲಿ ನಡೆದ ರಾತ್ರಿ ಚಾರಣದ ತರುವಾಯ, ಊರ ಮುಂದಿನ ಬೇವಿನ ಕಟ್ಟೆಯಲ್ಲಿ ಸೇರಿದ್ದ ಗ್ರಾಮಸ್ಥರನ್ನೂ ವಿದ್ಯಾರ್ಥಿಗಳನ್ನೂ ಉದ್ದೇಶಿಸಿ ಮಾಡಿದ ಭಾಷಣದ ಬರಹರೂಪ.)



ಶಿವರಾತ್ರಿ ಕಳೆದರೆ ಚಳಿಯು ‘ಶಿವಶಿವಾ’ ಎಂದು ಹೊರಟುಹೋಗುತ್ತದೆ ಎಂಬ ಮಾತು ನಮ್ಮಲ್ಲಿದೆ. ಮೊನ್ನೆ ರಾತ್ರಿ ಕೊಳ್ಳದೊಳಗೆ ಕಂಬಳಿ ಹೊದ್ದು ಕುಳಿತಿದ್ದ ನಮ್ಮ ತಂಡದವರಿಗೆ ಆ ಮಾತಿನ ಮೇಲೆ ಅಷ್ಟಾಗಿ ವಿಶ್ವಾಸ ಉಳಿದಿರಲಿಕ್ಕಿಲ್ಲ. ಹಗಲೆಲ್ಲ ಕಾದ ಬಂಡೆ ಸಂಜೆಯ ಹೊತ್ತಿಗೂ ಬೆನ್ನಿಗೆ ಬೆಚ್ಚಗಿತ್ತು. ಆದರೆ ರಾತ್ರಿ ಬಲಿತಂತೆ ಬೆಟ್ಟದ ತಲೆಯ ಮೇಲೆ ತಣಿದ ಗಾಳಿ ಭಾರವಾಗಿ, ನೀರು ಹರಿಯುವ ದಾರಿಯನ್ನೇ ಹಿಡಿದು ಕೆಳಕ್ಕೆ ಇಳಿಯತೊಡಗಿತು. ಕೊಳ್ಳವೆಂಬುದು ಮಳೆಗಾಲದಲ್ಲಿ ನೀರಿಗೆ ಹೇಗೆ ಕಾಲುವೆಯೋ, ಬೇಸಿಗೆಯ ರಾತ್ರಿಗಳಲ್ಲಿ ತಂಪುಗಾಳಿಗೂ ಹಾಗೆಯೇ ಕಾಲುವೆ. ಕೊಳ್ಳದ ಬಾಯಿಯಲ್ಲಿರುವ ಹೊಲದ ಹುರುಳಿಯ ಮೇಲೆ ಇಬ್ಬನಿ ಹೆಚ್ಚು ಕೂರುತ್ತದೆ ಎಂದು ತಾವು ಹೇಳುವುದಕ್ಕೆ ಇದೇ ಕಾರಣವಿರಬೇಕು.

ಚಾರಣವೆಂದರೆ ಕುಮಾರಪರ್ವತಕ್ಕೋ ಕುದುರೆಮುಖಕ್ಕೋ ಹೋಗಬೇಕು, ಅಲ್ಲಿ ಹಸಿರಿದೆ, ಜಲಪಾತವಿದೆ ಎಂಬ ಭಾವನೆ ನಮ್ಮ ಕಾಲೇಜು ವಿದ್ಯಾರ್ಥಿಗಳಲ್ಲಿ ಬೇರೂರಿದೆ. ಬಯಲುಸೀಮೆಯ ಬೋಳುಗುಡ್ಡದಲ್ಲಿ ನೋಡುವುದೇನಿದೆ ಎಂದು ಒಬ್ಬ ಹುಡುಗ ಹೊರಡುವ ಮುನ್ನ ನೇರವಾಗಿಯೇ ಕೇಳಿದ. ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಉತ್ತರವನ್ನು ಅರಣ್ಯ ಇಲಾಖೆಯ ಅನುಮತಿ ಪಡೆದು, ದೇವರ ಎತ್ತುಗಳನ್ನು ಕಾಯುವ ಹಿರಿಯ ಕಿಲಾರಿಯೊಬ್ಬರನ್ನು ಮುಂದಿಟ್ಟುಕೊಂಡು, ಒಂದು ಸಂಜೆಯಿಂದ ಮರುದಿನದ ಬೆಳಗಿನವರೆಗೆ ನಡೆದು ಹುಡುಕಿದೆವು.

ಮೊದಲು ಬಂಡೆಯ ಮಾತು. ರಾಮನಗರದ ಹಳೆಯ ಹೆಸರು ಕ್ಲೋಸ್‌ಪೇಟೆ. ಅಲ್ಲಿಂದ ಉತ್ತರಕ್ಕೆ ಪಾವಗಡ, ರಾಯದುರ್ಗಗಳ ಮಾರ್ಗವಾಗಿ ಹಬ್ಬಿರುವ ಗ್ರಾನೈಟ್ ಪಟ್ಟಿಗೆ ಭೂವಿಜ್ಞಾನಿಗಳು ಅದೇ ಹೆಸರಿಟ್ಟಿದ್ದಾರೆ. ಅದರ ವಯಸ್ಸು ಸುಮಾರು 250 ಕೋಟಿ ವರ್ಷ. ನಮ್ಮ ನುಂಕೆಮಲೆ, ಬ್ರಹ್ಮಗಿರಿ, ಜಟಿಂಗ ರಾಮೇಶ್ವರದ ಬೆಟ್ಟಗಳು ಈ ಪಟ್ಟಿಯ ನೆರೆಹೊರೆಯವು. ಇಷ್ಟು ಗಟ್ಟಿಯಾದ ಕಲ್ಲಿನಲ್ಲಿ ಕೊಳ್ಳ ಹೇಗೆ ಬಂತು? ಗ್ರಾನೈಟಿನಲ್ಲಿ ಹುಟ್ಟಿನಿಂದಲೇ ಬಿರುಕುಗಳಿರುತ್ತವೆ. ನೀರು ಬಿರುಕಿನೊಳಗೆ ಇಳಿಯುತ್ತದೆ, ಕಲ್ಲು ಪುಡಿಯಾಗಿ ಗರಸಾಗುತ್ತದೆ, ಗರಸನ್ನು ಮುಂದಿನ ಮಳೆ ಕೊಚ್ಚಿಕೊಂಡು ಹೋಗುತ್ತದೆ. ಬಿರುಕುಗಳ ನಡುವೆ ಉಳಿದ ತುಂಡಿನ ಮೂಲೆಗಳು ಸವೆದು ಗುಂಡುಗಳಾಗುತ್ತವೆ. ನಾವು ಕೊಳ್ಳದಲ್ಲಿ ತೆವಳಿಕೊಂಡು ನುಸುಳಿದ ಗುಂಡುಗಳೆಲ್ಲ ಹೀಗೆ ಉಳಿದವು. ನಮ್ಮ ಹೊಲಗಳ ಕೆಂಪು ಮರಳುಮಣ್ಣೂ ಇದೇ ಕಲ್ಲಿನ ಪುಡಿಯೆಂಬುದನ್ನು ಶೇಂಗಾ ಬೆಳೆಯುವ ರೈತರು ನೆನಪಿಡಬೇಕು.

ಹೊತ್ತು ಮುಳುಗುವ ಮುನ್ನ ಕಂಡ ಮರಗಿಡಗಳಲ್ಲಿ ಎಲೆ ಬಹಳ ಕಡಿಮೆ. ದಿಂಡಿಗ, ಹಾಲೆ, ತುಗ್ಗಲಿ ಬರಿ ಕೊಂಬೆಗಳಾಗಿ ನಿಂತಿದ್ದವು. ಆದರೆ ಬಂಡೆಯ ಸಂದಿನಲ್ಲಿ ಅರಿಶಿನ ಬೂರುಗವು ಒಂದೂ ಎಲೆಯಿಲ್ಲದೆ ಹಳದಿ ಹೂ ಬಿಟ್ಟಿತ್ತು; ಕೆಳಗಿನ ಹಳ್ಳದ ದಡದಲ್ಲಿ ಮುತ್ತುಗ ಆಗತಾನೆ ಕೆಂಪೇರುತ್ತಿತ್ತು. ನೀರಿಲ್ಲದ ಕಾಲದಲ್ಲಿ ಎಲೆಯನ್ನು ಕಳಚಿ ಬೆವರನ್ನು ಉಳಿಸಿಕೊಂಡು, ಉಳಿಸಿದ್ದನ್ನು ಹೂವಿಗೆ ಖರ್ಚು ಮಾಡುವ ಈ ಲೆಕ್ಕಾಚಾರವನ್ನು ನಮ್ಮ ಒಣಬೇಸಾಯದ ಪಠ್ಯಗಳು ಇನ್ನೂ ಚೆನ್ನಾಗಿ ವಿವರಿಸಿಲ್ಲ. ಕಮರದ ಬಗ್ಗೆ ಒಂದು ಮಾತು ಹೆಚ್ಚಾಗಿ ಹೇಳುತ್ತೇನೆ. ಚಿತ್ರದುರ್ಗ ಜಿಲ್ಲೆಯ ಒಣಕಾಡಿನ ಹೆಮ್ಮೆಯ ಮರವದು. ಅದರ ಸೊಪ್ಪು ದನಕ್ಕೆ ಮೇವು, ನಾರು ಹಗ್ಗಕ್ಕೆ, ಕಬ್ಬಿಣದಂತಹ ಮರ ಬೇಸಾಯದ ಸಲಕರಣೆಗಳಿಗೆ. ಅದರ ಸಸಿ ಮೊದಲ ವರ್ಷಗಳಲ್ಲಿ ಮೇಲಕ್ಕೆ ಬೆಳೆಯುವುದಿಲ್ಲ; ತಾಯಿಬೇರನ್ನು ಆಳಕ್ಕೆ ಇಳಿಸುತ್ತದೆ. ಬೇಸಿಗೆಯಲ್ಲಿ ಚಿಗುರು ಒಣಗುತ್ತದೆ, ಮಳೆಗೆ ಮತ್ತೆ ಬರುತ್ತದೆ, ಹೀಗೆ ಹಲವು ವರ್ಷ ನಡೆಯುತ್ತದೆ. ಗೇಣುದ್ದದ ಆ ಗಿಡಕ್ಕೆ ಹತ್ತು ವರ್ಷವಾಗಿರಬಹುದೆಂದು ಹೇಳಿದಾಗ ಹುಡುಗಿಯೊಬ್ಬಳು ಕಾಲನ್ನು ಹಿಂದಕ್ಕೆ ತೆಗೆದುಕೊಂಡಳು.

ಕತ್ತಲಾದ ಮೇಲೆ ದೀಪಗಳನ್ನು ಆರಿಸಿದೆವು. ‘ಸಾರ್, ಕರಡಿ ಬರ್ತದಾ?’ ಎಂಬ ಪ್ರಶ್ನೆ ಎರಡು ಮೂರು ಬಾರಿ ಬಂತು. ಕರಡಿಯೂ ಚಿರತೆಯೂ ಈ ಸಾಲಿನಲ್ಲಿವೆ. ಗುಂಪಾಗಿ ಮಾತನಾಡುತ್ತ ಹೋಗುವವರನ್ನು ಅವು ಸಾಮಾನ್ಯವಾಗಿ ದೂರವಿಡುತ್ತವೆ. ಅಂದು ಕೇಳಿಸಿದ್ದು ಕೊಂಬಿನ ಗೂಬೆಯ ದನಿಯೊಂದೇ.

ಪೂರ್ವಪಶ್ಚಿಮವಾಗಿ ಸೀಳಿದ ಆ ಕೊಳ್ಳದಲ್ಲಿ ಆಕಾಶ ಒಂದು ಪಟ್ಟಿಯಷ್ಟೇ ಕಾಣುತ್ತದೆ. ಆ ಪಟ್ಟಿಯಲ್ಲಿ ರಾತ್ರಿ ಎಂಟರ ಸುಮಾರಿಗೆ ಕೃತ್ತಿಕೆ ಪಶ್ಚಿಮಕ್ಕೆ ವಾಲಿತ್ತು, ಅದರ ಹಿಂದೆ ರೋಹಿಣಿ, ನೆತ್ತಿಯ ಬಳಿ ಮೃಗಶಿರ, ಆರಿದ್ರಾ, ಪೂರ್ವದಲ್ಲಿ ಪುನರ್ವಸು, ಪುಷ್ಯ. ಕಿಲಾರಿ ಹಿರಿಯರು ಒಂದೊಂದನ್ನೂ ಮಳೆಯ ಹೆಸರಾಗಿಯೇ ಕರೆದರು. ಸೂರ್ಯ ಆ ನಕ್ಷತ್ರವನ್ನು ಹೊಕ್ಕಾಗ ಬರುವ ಮಳೆ ಅದರ ಹೆಸರಿನದು: ಮೇ ಎರಡನೆಯ ವಾರಕ್ಕೆ ಕೃತ್ತಿಕೆ, ಜೂನ್ ಎರಡನೆಯ ವಾರಕ್ಕೆ ಮೃಗಶಿರ, ಹೀಗೆ. ವಿದ್ಯಾರ್ಥಿಗಳು ಪಂಚಾಂಗದಲ್ಲಿ ಓದಿದ್ದ ಮುಂಗಾರು ತಲೆಯ ಮೇಲೆ ಸಾಲಾಗಿ ನಡೆಯುತ್ತಿತ್ತು. ಕೊಳ್ಳವನ್ನು ಹತ್ತಿ ಮೇಲಿನ ಹಾಸುಬಂಡೆಗೆ ಬರುವಾಗ ಮೂರು ಗಂಟೆ ಕಳೆದಿತ್ತು. ಆಗ ದಕ್ಷಿಣದಲ್ಲಿ ಎತ್ತರಕ್ಕೆ ಬಂದಿದ್ದವು ಹಸ್ತ ಮತ್ತು ಚಿತ್ತಾ. ನಮ್ಮ ಸೀಮೆಯನ್ನು ನಿಜವಾಗಿ ಕಾಯುವವು ಈ ಎರಡೇ. ಮಲೆನಾಡಿಗೆ ಮಳೆ ಬೀಳುವ ಜೂನ್, ಜುಲೈಗಳಲ್ಲಿ ಇಲ್ಲಿ ಗಾಳಿ ಮಾತ್ರ. ನಮ್ಮ ಮಳೆಯ ಬಹುಪಾಲು ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲಿ ಬರುತ್ತದೆ. ವರ್ಷಕ್ಕೆ ಒಟ್ಟು ಸುಮಾರು 500 ಮಿಲಿಮೀಟರ್. ರಾಜ್ಯದಲ್ಲೇ ಅತಿ ಕಡಿಮೆ ಮಳೆಯ ತಾಲ್ಲೂಕುಗಳ ಸಾಲಿನಲ್ಲಿ ಚಳ್ಳಕೆರೆ, ಮೊಳಕಾಲ್ಮೂರುಗಳಿವೆ.

ಈ ಅಂಕಿಯನ್ನು ಸ್ವಲ್ಪ ಬಿಡಿಸಿ ನೋಡೋಣ. ಒಂದು ಹೆಕ್ಟೇರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ 10,000 ಲೀಟರ್. ಹಾಗಾದರೆ 500 ಮಿಲಿಮೀಟರಿಗೆ 50 ಲಕ್ಷ ಲೀಟರ್. ಬೆಟ್ಟದ ಒಂದೊಂದು ಹೆಕ್ಟೇರೂ ವರ್ಷಕ್ಕೆ ಇಷ್ಟು ನೀರನ್ನು ಹಿಡಿಯುತ್ತದೆ ಅಥವಾ ಕಳೆದುಕೊಳ್ಳುತ್ತದೆ. ಹಿಡಿದದ್ದು ಬಿರುಕುಗಳಿಗೆ ಇಳಿದು ದೊಣೆಗಳಲ್ಲಿ, ಒರತೆಗಳಲ್ಲಿ, ತಡವಾಗಿ ನಮ್ಮ ಬಾವಿಗಳಲ್ಲಿ ಕಾಣಿಸಿಕೊಳ್ಳುತ್ತದೆ. ಕಳೆದುಕೊಂಡದ್ದು ಮಣ್ಣಿನೊಡನೆ ಚಿನ್ನಹಗರಿಗೂ ಅಲ್ಲಿಂದ ಹಗರಿ, ತುಂಗಭದ್ರೆಗಳಿಗೂ ಹೋಗುತ್ತದೆ. ಹಿಡಿಯುವ ಕೆಲಸವನ್ನು ಬಂಡೆ ಮಾಡಲಾರದು. ಬಂಡೆಗಳ ನಡುವಿನ ಮೊಳದುದ್ದ ಮಣ್ಣು, ಅದರ ಮೇಲಿನ ತರಗು, ಹುಲ್ಲಿನ ಬೇರು ಇವೇ ಮಾಡಬೇಕು.

ಬೆಳಗಿನ ಜಾವ ಕೊಳ್ಳದ ತಲೆಯಲ್ಲಿ ಕರಿಯ ನೆಲ ಸಿಕ್ಕಿತು. ಬೆಂಕಿ ಬಿದ್ದು ಹೆಚ್ಚು ದಿನವಾಗಿರಲಿಲ್ಲ. ಬೆಳಕು ಹರಿದ ಮೇಲೆ ಒಂದು ಸರಳ ಪರೀಕ್ಷೆ ಮಾಡಿದೆವು. ಎರಡೂ ಬದಿ ತೆರೆದ ತಗಡಿನ ಡಬ್ಬಿಯೊಂದನ್ನು ಸುಟ್ಟ ನೆಲದಲ್ಲಿ ಎರಡು ಬೆರಳಿನಷ್ಟು ಊರಿ ಒಂದು ಲೋಟ ನೀರು ಹಾಕಿದೆವು. ಅಂತಹದೇ ಇನ್ನೊಂದನ್ನು ಹತ್ತು ಹೆಜ್ಜೆ ಆಚೆ, ಬೆಂಕಿ ತಾಗದ ಹುಲ್ಲಿನ ಬುಡದಲ್ಲಿ ಊರಿ ಅಷ್ಟೇ ನೀರು ಹಾಕಿದೆವು. ಹುಲ್ಲಿನ ಬುಡದ ನೀರು ಹುಡುಗರು ಎಣಿಸಲು ತೊಡಗುವಷ್ಟರಲ್ಲೇ ಇಂಗಿತು. ಸುಟ್ಟ ನೆಲದಲ್ಲಿ ನೀರು ಕನ್ನಡಿಯಂತೆ ನಿಂತೇ ಇತ್ತು. ನಾವು ತಿಂಡಿ ತಿಂದು ಬಂದಾಗಲೂ ಡಬ್ಬಿಯ ತಳ ಒದ್ದೆಯಿತ್ತು. ತರಗು ಉರಿಯುವಾಗ ಅದರ ಮೇಣದಂತಹ ಅಂಶ ಆವಿಯಾಗಿ ಮಣ್ಣಿನ ಕಣಗಳ ಮೇಲೆ ಅಂಟಿಕೊಳ್ಳುತ್ತದೆ, ಬೂದಿಯ ಪುಡಿ ಸಣ್ಣ ರಂಧ್ರಗಳನ್ನು ಮುಚ್ಚುತ್ತದೆ. ಅಂತಹ ನೆಲದ ಮೇಲೆ ಏಪ್ರಿಲ್, ಮೇ ತಿಂಗಳ ಗುಡುಗುಮಳೆ ಬಿದ್ದರೆ ಏನಾದೀತೆಂದು ಬೇರೆ ಹೇಳಬೇಕಿಲ್ಲ.

ಹಾಗೆಂದು ಬೆಂಕಿ ಹಾಕುವವರನ್ನು ಕಿಡಿಗೇಡಿಗಳೆಂದು ಕರೆದು ಪ್ರಕಟಣೆ ಹೊರಡಿಸುವ ಅಭ್ಯಾಸಕ್ಕೆ ನಾನು ಸೇರುವವನಲ್ಲ. ಬೀಡಿಯ ತುಂಡಿನಿಂದ ಬೀಳುವ ಬೆಂಕಿಯೂ ಉಂಟು, ಕರಡಿಯ ಭಯದಿಂದ ದಾರಿಬದಿಯ ಪೊದೆ ಸುಡುವವರೂ ಉಂಟು. ಆದರೆ ಬಹಳಷ್ಟು ಬೆಂಕಿ ಮೇವಿಗಾಗಿ. ಒಣಗಿದ ಕಾಚಿಹುಲ್ಲನ್ನು ಕುರಿ ಮುಟ್ಟುವುದಿಲ್ಲ. ಸುಟ್ಟ ಬುಡದಿಂದ ಬರುವ ಚಿಗುರನ್ನು ಆಸೆಪಟ್ಟು ಮೇಯುತ್ತದೆ. ಆ ಚಿಗುರಿನಲ್ಲಿ ಸಾರಜನಕದ ಅಂಶವೂ ಹೆಚ್ಚು. ಆ ಒಂದು ವರ್ಷದ ಲೆಕ್ಕದಲ್ಲಿ ಕುರಿಗಾಹಿ ಹೇಳುವುದು ಸರಿ. ತೊಂದರೆ ಮುಂದಿನ ವರ್ಷಗಳದ್ದು. ಹೊಗೆಯಲ್ಲಿ ಸಾರಜನಕ ಹೋಗುತ್ತದೆ, ಮೊದಲ ಮಳೆಗೆ ಬೂದಿ ಹೋಗುತ್ತದೆ, ದನ ಮೆಚ್ಚುವ ಮೆತ್ತನೆಯ ಹುಲ್ಲುಗಳು ಹಿಂದೆ ಸರಿದು ಬೆಂಕಿಗೆ ಜಗ್ಗದ ಕಾಚಿಹುಲ್ಲೇ ಹಬ್ಬುತ್ತದೆ. ಆಗ ಮತ್ತೆ ಸುಡಬೇಕಾಗುತ್ತದೆ.

ಇನ್ನೊಂದು ಪ್ರಶ್ನೆ ಕೇಳಬೇಕು: ಇಷ್ಟು ಕುರಿ, ಇಷ್ಟು ದನ ಬೆಟ್ಟದ ಕಡಿದಾದ ಕೊಳ್ಳಕ್ಕೆ ಏಕೆ ಬರುತ್ತಿವೆ? ನಮ್ಮ ಮೇವಿನ ನೆಲ ಬೆಟ್ಟವಲ್ಲ, ಕಾವಲು. ಮೈಸೂರು ಅರಸರ ಕಾಲದಿಂದ ಅಮೃತಮಹಲ್ ತಳಿಗಾಗಿ ಮೀಸಲಾಗಿದ್ದ ಚಳ್ಳಕೆರೆಯ ಕಾವಲುಗಳಲ್ಲಿ ಸುಮಾರು 10,000 ಎಕರೆಯನ್ನು 2008ರ ಆಸುಪಾಸಿನಿಂದ ರಕ್ಷಣಾ ಸಂಶೋಧನೆ, ಅಣುಶಕ್ತಿ, ಬಾಹ್ಯಾಕಾಶ ಹಾಗೂ ವಿಜ್ಞಾನ ಸಂಸ್ಥೆಗಳಿಗೆ ನೀಡಲಾಯಿತು. ಹಸಿರು ನ್ಯಾಯಮಂಡಳಿಯ ಮುಂದೆ ವ್ಯಾಜ್ಯ ನಡೆದು 2014ರಲ್ಲಿ ಷರತ್ತುಗಳೊಡನೆ ತೀರ್ಪು ಬಂತು. ಕಾವಲಿಗೆ ಗೋಡೆಗಳೂ ಬಂದವು. ವಿಜ್ಞಾನವನ್ನೇ ವೃತ್ತಿಯಾಗಿಸಿಕೊಂಡ ನಾನು ವಿಜ್ಞಾನ ಸಂಸ್ಥೆಗಳು ಬೇಡವೆಂದು ಹೇಳಲಾರೆ. ಆದರೆ ಗೋಡೆಯ ಆಚೆ ಉಳಿದ ಹುಲ್ಲಿನ ಬದಲಿಗೆ ಮ್ಯಾಸಬೇಡರ ದೇವರ ಎತ್ತುಗಳಿಗೆ, ಕಾಡುಗೊಲ್ಲರ ಕುರಿಗಳಿಗೆ ಎಲ್ಲಿ ಹುಲ್ಲು ಎಂಬ ಪ್ರಶ್ನೆಯನ್ನು ಯಾರೂ ಸರಿಯಾಗಿ ಉತ್ತರಿಸಲಿಲ್ಲ. ಕಾವಲಿನ ಗೋಡೆಗೂ ಕೊಳ್ಳದ ಬೆಂಕಿಗೂ ಸಂಬಂಧವಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಈ ನೆಲದಲ್ಲಿ ದನ, ಮನುಷ್ಯ, ಬೆಟ್ಟ ಮೂವರೂ ಕೂಡಿ ಬಾಳಿದ್ದು ನಿನ್ನೆ ಮೊನ್ನೆಯ ಸಂಗತಿಯಲ್ಲ. ಬ್ರಹ್ಮಗಿರಿಯ ತಪ್ಪಲಲ್ಲಿ ಡಾ. ಎಂ. ಎಚ್. ಕೃಷ್ಣ ಅವರ ನಂತರ 1947ರಲ್ಲಿ ಮಾರ್ಟಿಮರ್ ವೀಲರ್ ನಡೆಸಿದ ಉತ್ಖನನದಲ್ಲಿ ನಯಗೊಳಿಸಿದ ಕಲ್ಲುಕೊಡಲಿಯ ಜನರು, ಅವರ ಮೇಲೆ ಕಬ್ಬಿಣ ಬಲ್ಲ ಬೃಹತ್ ಶಿಲಾಗೋರಿಯ ಜನರು ಪದರಪದರವಾಗಿ ಕಂಡರು. ಬಳ್ಳಾರಿಯ ಬಳಿಯ ಸಂಗನಕಲ್ಲಿನಂತಹ ಅದೇ ಕಾಲದ ನೆಲೆಗಳಲ್ಲಿ ಸುಟ್ಟ ಕಾಳುಗಳು ದೊರೆತಿವೆ: ಹುರುಳಿ, ಹೆಸರು, ಕೊರಲೆ. ನಾಲ್ಕು ಸಾವಿರ ವರ್ಷಗಳ ಹಿಂದೆ ಈ ಸೀಮೆಯ ಜನ ಆರಿಸಿಕೊಂಡದ್ದು ಹಸ್ತ, ಚಿತ್ತಾ ಮಳೆಗಳ ತೇವದಲ್ಲಿ ಬರುವ ಬೆಳೆಗಳನ್ನು ಎಂಬುದನ್ನು ಗಮನಿಸಿ.

1892ರಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದ ಅಶೋಕನ ಶಾಸನಗಳು ಇದೇ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿವೆ. ಬ್ರಹ್ಮಗಿರಿಯ ಶಾಸನದಲ್ಲಿ 256 ಎಂಬ ಅಂಕಿಯಿದೆ. ಅರಸನು ಪ್ರವಾಸದಲ್ಲಿ ಕಳೆದ ರಾತ್ರಿಗಳ ಎಣಿಕೆ ಅದೆಂದು ಹಲವು ವಿದ್ವಾಂಸರ ಮತ. ಒಂದು ರಾತ್ರಿಗೆ ಕಾಲುನೋವೆಂದ ಹುಡುಗರು ಇದನ್ನು ಕೇಳಿ ನಕ್ಕರು. ಅದೇ ಅಶೋಕನ ಐದನೆಯ ಸ್ತಂಭಶಾಸನದಲ್ಲಿ ಕಾರಣವಿಲ್ಲದೆ ಕಾಡಿಗೆ ಬೆಂಕಿ ಹಾಕಬಾರದೆಂಬ ಆಜ್ಞೆಯಿದೆ. ಅದು ನಮ್ಮ ಬಂಡೆಯ ಮೇಲಿಲ್ಲ, ಉತ್ತರದ ಕಂಬಗಳ ಮೇಲಿದೆ. ಆಗಲೂ ಆಜ್ಞೆ ಹೊರಡಿಸಬೇಕಾಗಿತ್ತೆಂದರೆ ಆಗಲೂ ಜನ ಸುಡುತ್ತಿದ್ದರೆಂದೇ ಅರ್ಥ.

ಈಗ ಮಾಡಬಹುದಾದದ್ದು. ಈ ವರ್ಷ ಉಳಿದಿರುವ ಹುಲ್ಲನ್ನು ಯುಗಾದಿಯೊಳಗೆ ಕಾಪಾಡುವುದೊಂದೇ ದಾರಿ. ಕೊಳ್ಳದ ಎರಡೂ ದಂಡೆಯ ಹಳೆಯ ಎತ್ತಿನ ಹಾದಿಗಳ ಬದಿಯ ಒಣಹುಲ್ಲನ್ನು ನಾಲ್ಕು ಮಾರು ಅಗಲಕ್ಕೆ ಸವರಿದರೆ ಅದೇ ಬೆಂಕಿರೇಖೆಯಾಗುತ್ತದೆ. ಇಲಾಖೆಯ ಕಾವಲುಗಾರರೊಡನೆ ಕೂಡಿಯೇ ಮಾಡೋಣ. ಬರುವ ವರ್ಷಕ್ಕೆ ನವೆಂಬರಿನಲ್ಲಿ, ಬೀಜ ಉದುರಿದ ಕೂಡಲೆ, ಹುಲ್ಲು ಇನ್ನೂ ಮೆತ್ತಗಿರುವಾಗಲೇ ಕೊಯ್ದು ಬಣವೆ ಹಾಕಬೇಕು. ಕೊಯ್ಯುವ ಹಕ್ಕು ಯಾವ ಹಟ್ಟಿಗೆ ಎಷ್ಟು ಎಂಬುದನ್ನು ಹಟ್ಟಿಯ ಯಜಮಾನರು ಕೂತು ತೀರ್ಮಾನಿಸಬೇಕು, ನಮ್ಮಂತಹ ಹೊರಗಿನ ಪಂಡಿತರಲ್ಲ. 2006ರ ಅರಣ್ಯ ಹಕ್ಕು ಕಾಯಿದೆಯು ಸಾಂಪ್ರದಾಯಿಕ ಮೇವಿನ ಹಕ್ಕನ್ನು ಗುರುತಿಸುತ್ತದೆ, ಕಾಡನ್ನು ಕಾಪಾಡುವ ಅಧಿಕಾರವನ್ನೂ ಗ್ರಾಮಸಭೆಗೆ ಕೊಡುತ್ತದೆ. 2002ರ ಜೀವವೈವಿಧ್ಯ ಕಾಯಿದೆಯಂತೆ ಪಂಚಾಯಿತಿಯಲ್ಲಿ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲೆ ಇರಬೇಕು. ಕಿಲಾರಿ ಹಿರಿಯರು ಆ ರಾತ್ರಿ ಹೆಸರಿಸಿದ ದೊಣೆಗಳು, ಹುಲ್ಲುಗಳು, ಎತ್ತಿನ ಹಾದಿಗಳು ಆ ದಾಖಲೆಗೆ ಸೇರಬೇಕು. ಬರೆದುಕೊಂಡ ವಿದ್ಯಾರ್ಥಿಗಳ ಪುಸ್ತಕದಲ್ಲೇ ಉಳಿಯಬಾರದು.

ಕೊಳ್ಳದ ಮೇಲಿನ ದೊಣೆಯ ಬಂಡೆಗೆ ಸುಣ್ಣದಲ್ಲಿ ಗೆರೆ ಎಳೆದು ಬಂದಿದ್ದೇವೆ. ಹದಿನೈದು ದಿನಕ್ಕೊಮ್ಮೆ ಇಬ್ಬರು ಹೋಗಿ ನೀರು ಗೆರೆಯಿಂದ ಎಷ್ಟು ಬೆರಳು ಇಳಿದಿದೆಯೆಂದು ಅಳೆದು ತರಬೇಕು. ಮೊದಲ ಸರದಿಗೆ ಹೆಸರು ಕೊಡುವವರು ಈಗಲೇ ಇಲ್ಲಿ ಬರೆಸಿ.