ಅಂಡಾಶಯದ ಕ್ಯಾನ್ಸರ್: ಮೌನ ಮುರಿಯಬೇಕಾದುದು ಮನೆಯೊಳಗೆ

(ತುಮಕೂರಿನಲ್ಲಿ ಮಾಡಿದ ಭಾಷಣ)



ನಮ್ಮ ಮನೆಗಳಲ್ಲಿ ಹೆಸರೆತ್ತಲೂ ಸಂಕೋಚಪಡುವ ಒಂದು ರೋಗದ ಕುರಿತು ಇಂದು ಮಾತಾಡಬೇಕಾಗಿದೆ. ಗರ್ಭಕೋಶದ ಎರಡೂ ಪಕ್ಕಗಳಲ್ಲಿ ಬಾದಾಮಿಯ ಗಾತ್ರದ ಅಂಡಾಶಯಗಳಿವೆ. ಅಲ್ಲಿ ಹುಟ್ಟುವ ಕ್ಯಾನ್ಸರ್, 2022ರ ಅಂದಾಜಿನಂತೆ, ಭಾರತದಲ್ಲಿ ಆ ಒಂದೇ ವರ್ಷ 45 ಸಾವಿರಕ್ಕೂ ಅಧಿಕ ಮಹಿಳೆಯರಲ್ಲಿ ಕಾಣಿಸಿಕೊಂಡಿತು. ಅಂಡಾಶಯದೊಳಗೆ ಸೀಮಿತವಾಗಿರುವಾಗಲೇ ಪತ್ತೆಯಾದರೆ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಐದು ವರ್ಷಗಳ ಬಳಿಕವೂ ಬದುಕಿರುತ್ತಾರೆ. ಆದರೆ ಬಹುತೇಕರಲ್ಲಿ ಪತ್ತೆಯಾಗುವುದು ಅದು ಹೊಟ್ಟೆಯೊಳಗೆ ಹರಡಿದ ಮೇಲೆ. ಏಕೆ?

ಮೊದಲ ಕಾರಣ, ಲಕ್ಷಣಗಳಿಲ್ಲದವರಲ್ಲಿ ಈ ರೋಗವನ್ನು ಮುಂಚಿತವಾಗಿ ಹಿಡಿಯುವ ವಿಶ್ವಾಸಾರ್ಹ ಪರೀಕ್ಷೆ ಇಲ್ಲ. ಬ್ರಿಟನ್‌ನಲ್ಲಿ ಎರಡು ಲಕ್ಷಕ್ಕೂ ಅಧಿಕ ಮಹಿಳೆಯರನ್ನು ಒಳಗೊಂಡ ಅಧ್ಯಯನದ ಅಂತಿಮ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ವರ್ಷ ವರ್ಷವೂ ರಕ್ತಪರೀಕ್ಷೆ, ಸ್ಕ್ಯಾನಿಂಗ್ ಮಾಡಿದರೂ ಸಾವು ಕಡಿಮೆಯಾಗಲಿಲ್ಲ. ನಮ್ಮ ಸರಕಾರಿ ಆಸ್ಪತ್ರೆಗಳಲ್ಲಿ ಮೂವತ್ತು ದಾಟಿದವರಿಗೆ ನಡೆಸುವ ತಪಾಸಣೆ ಬಾಯಿ, ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್‌ಗೆ ಸಂಬಂಧಿಸಿದ್ದು. ಪ್ಯಾಪ್ ಸ್ಮಿಯರ್ ಸರಿಯಿದ್ದ ಮಾತ್ರಕ್ಕೆ ಅಂಡಾಶಯವೂ ಸರಿಯಿದೆ ಎಂದರ್ಥವಲ್ಲ. ಗರ್ಭಕೋಶ ತೆಗೆಸಿಕೊಂಡವರಲ್ಲೂ ಅಂಡಾಶಯ ಉಳಿದಿರಬಹುದು.

ಎರಡನೆಯ ಕಾರಣ ನಮ್ಮ ಉಪೇಕ್ಷೆ. ಹೊಟ್ಟೆಯುಬ್ಬರ, ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದು, ಕಿಬ್ಬೊಟ್ಟೆಯ ನೋವು, ಪದೇ ಪದೇ ಮೂತ್ರಕ್ಕೆ ಅವಸರ ಇವೇ ಇದರ ಲಕ್ಷಣಗಳು. ಇವನ್ನು ನಾವು ಗ್ಯಾಸ್ ಎನ್ನುತ್ತೇವೆ, ರಮಝಾನ್‌ನಲ್ಲಾದರೆ ಉಪವಾಸದ ಆಯಾಸ ಎನ್ನುತ್ತೇವೆ. ಮಾತ್ರೆ ನುಂಗಿ ಅಡುಗೆಮನೆಗೆ ಮರಳುತ್ತೇವೆ. ಹೆಚ್ಚಿನ ಸಲ ಅದು ಗ್ಯಾಸೇ ಆಗಿರುತ್ತದೆ, ನಿಜ. ಆದರೆ ಹಿಂದೆಂದೂ ಇಲ್ಲದ ತೊಂದರೆ ಹೊಸದಾಗಿ ಆರಂಭವಾಗಿ, ತಿಂಗಳಲ್ಲಿ ಹನ್ನೆರಡು ದಿನಗಳಿಗಿಂತ ಹೆಚ್ಚು ಕಾಡಿದರೆ ತಡಮಾಡಬಾರದು. ಐವತ್ತು ದಾಟಿದವರು, ಮುಟ್ಟು ನಿಂತ ಬಳಿಕ ರಕ್ತಸ್ರಾವ ಕಂಡವರು ಇನ್ನಷ್ಟು ಎಚ್ಚರ ವಹಿಸಬೇಕು. ತಾಯಿ, ಅಕ್ಕತಂಗಿಯರಿಗೆ ಮಾತ್ರವಲ್ಲ, ತಂದೆಯ ಕಡೆಯ ಅತ್ತೆಯಂದಿರಿಗೆ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಇದ್ದುದನ್ನೂ ವೈದ್ಯರಿಗೆ ತಿಳಿಸಬೇಕು.

ಲಜ್ಜೆ ಸದ್ಗುಣವೇ ಸರಿ. ಆದರೆ ನೋವನ್ನು ಮುಚ್ಚಿಡುವುದು ಲಜ್ಜೆಯಲ್ಲ. ಮಹಿಳಾ ವೈದ್ಯರೇ ಬೇಕೆಂದು ಕೇಳಿರಿ. ಸಿಗದಿದ್ದರೆ ತಿಂಗಳುಗಟ್ಟಲೆ ಕಾಯಬೇಡಿ. ಅನಿವಾರ್ಯವಾದಾಗ ಪುರುಷ ವೈದ್ಯರಿಂದ ಚಿಕಿತ್ಸೆ ಪಡೆಯಲು ನಮ್ಮ ಧರ್ಮದಲ್ಲಿ ಅನುಮತಿಯಿದೆ. ಅವಿವಾಹಿತ ಯುವತಿಯರಿಗೆ ಹೊಟ್ಟೆಯ ಮೇಲಿನಿಂದಲೇ ಸ್ಕ್ಯಾನಿಂಗ್ ಮಾಡುತ್ತಾರೆ. ಅಗತ್ಯವಿದ್ದರೆ ಸಿಎ-125 ಎಂಬ ರಕ್ತಪರೀಕ್ಷೆಯನ್ನೂ ಮಾಡಿಸುತ್ತಾರೆ. ಗಡ್ಡೆ ಕಂಡೊಡನೆ ಎದೆಗುಂದಬೇಕಾಗಿಲ್ಲ. ಅಂಡಾಶಯದ ನೀರುಗುಳ್ಳೆಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಸಂಶಯವಿದ್ದರೆ ಮಾತ್ರ ಸಿಕ್ಕಲ್ಲಿ ಶಸ್ತ್ರಚಿಕಿತ್ಸೆ ಮಾಡಿಸದೆ ಕ್ಯಾನ್ಸರ್ ತಜ್ಞರಲ್ಲಿಗೇ ಹೋಗಬೇಕು.

ಗುಬ್ಬಿ, ಕುಣಿಗಲ್‌ಗಳ ತಾಲೂಕು ಆಸ್ಪತ್ರೆಯಲ್ಲಿ ಅಥವಾ ತುಮಕೂರಿನ ಜಿಲ್ಲಾಸ್ಪತ್ರೆಯಲ್ಲಿ ಮೊದಲು ತೋರಿಸಿರಿ. ರಫಿ ಅಹ್ಮದ್ ಕಿದ್ವಾಯಿಯವರ ಹೆಸರನ್ನು ಹೊತ್ತ ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಇಲ್ಲಿಂದ ಕೆಲವೇ ಗಂಟೆಗಳ ದಾರಿ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಲಭ್ಯವಿದೆ. ಸರಕಾರಿ ಆಸ್ಪತ್ರೆಯಿಂದ ಶಿಫಾರಸು ಪತ್ರ ಕೇಳಿ ಪಡೆಯಿರಿ.

ಸಹೋದರರೇ, ಹಣ, ವಾಹನ, ಬಿಡುವು ಹೆಚ್ಚಾಗಿ ನಿಮ್ಮ ಕೈಯಲ್ಲಿವೆ. ಮನೆಯಾಕೆ ತಟ್ಟೆಯಲ್ಲಿ ಅನ್ನ ಬಿಟ್ಟು ಏಳುತ್ತಿದ್ದರೆ ಕಾರಣ ಕೇಳಿರಿ. ಪರೀಕ್ಷೆ ಇಲ್ಲದ ಈ ರೋಗಕ್ಕೆ ಮನೆಯವರ ಗಮನವೇ ಮೊದಲ ತಪಾಸಣೆ.